ತಾಂತ್ರಿಕ ವಿಭಾಗವನ್ನು ಅಳೆಯುವುದೆಂತು?

ಬೇಸಗೆಯ ಬಿಸಿಲು ಇನ್ನೂ ಇಳಿಯದಿರುವಾಗಲೇ ಪರೀಕ್ಷೆಗಳ ಫಲಿತಾಂಶ ಹೊರಬೀಳುತ್ತದೆ. ಅಂದಿನಿಂದ ಮುಂದೆ ಒಂದು ತಿಂಗಳ ಕಾಲ ನವಿ ಪೇಠೆಯ ಅಂಗಡಿಗಳ ಕಟ್ಟೆಯ ಮೇಲಾಗಲಿ, ಅಕ್ಕಲಕೋಟೆಯ ಬಸ್ಸು ನಿಲ್ದಾಣದಲ್ಲಾಗಲಿ, ಪಾಲಕರು ನಮ್ಮಂತಹ ಶಿಕ್ಷಕರನ್ನು ಕಂಡೊಡನೆ ಕೇಳುವ ಪ್ರಶ್ನೆ ಒಂದೇ: "ಸರ್, ನಮ್ಮ ಹುಡುಗನನ್ನು ಯಾವ ಇಂಜಿನಿಯರಿಂಗ್ ಕಾಲೇಜಿಗೆ ಹಾಕಿದರೆ ಒಳ್ಳೆಯದು?" ಈಚೆಗೆ "ನಮ್ಮ ಹುಡುಗಿಯನ್ನು" ಎಂಬ ಪ್ರಶ್ನೆಯೂ ಅಷ್ಟೇ ಕೇಳಿಬರುತ್ತಿರುವುದು ಸಂತೋಷದ ಸಂಗತಿ. ಕೇಳುವವರ ಕೈಯಲ್ಲಿ ಬಣ್ಣದ ಚಿತ್ರಗಳುಳ್ಳ ಒಂದು ಪುಸ್ತಿಕೆ ಇರುತ್ತದೆ. ಅದರಲ್ಲಿ ಶೇಕಡಾ ಇಷ್ಟು ಮಂದಿ ತೇರ್ಗಡೆ, ಇಷ್ಟು ಮಂದಿಗೆ ನೌಕರಿ, ಇಷ್ಟು ಸಂಶೋಧನ ಲೇಖನಗಳು ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಈ ಅಂಕಿಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು, ವಿಶ್ವವಿದ್ಯಾಲಯದ ಒಂದು ತಾಂತ್ರಿಕ ವಿಭಾಗದ ಉತ್ಪಾದಕತೆಯನ್ನೂ ಗುಣವನ್ನೂ ಯಾವ ಕೋಲಿನಿಂದ ಅಳೆಯಬೇಕು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸಿಕೊಳ್ಳೋಣ. ಸೊಲ್ಲಾಪುರದವರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಾಗಿಲ್ಲ. ಮಗ್ಗವೊಂದು ದಿನಕ್ಕೆ ಎಷ್ಟು ಚಾದರ ನೇಯಿತು, ಅದಕ್ಕೆ ಎಷ್ಟು ನೂಲು, ಎಷ್ಟು ವಿದ್ಯುತ್ತು, ಎಷ್ಟು ಕೂಲಿ ತಗುಲಿತು ಎಂಬ ಲೆಕ್ಕ ಉತ್ಪಾದಕತೆಯದು. ಹಾಸು ಹೊಕ್ಕುಗಳು ದಟ್ಟವಾಗಿವೆಯೆ, ಅಂಚು ನೆಟ್ಟಗಿದೆಯೆ, ಹತ್ತು ಸಲ ಒಗೆದ ಮೇಲೂ ಬಣ್ಣ ನಿಲ್ಲುತ್ತದೆಯೆ ಎಂಬುದು ಗುಣದ ಲೆಕ್ಕ. ಮೊದಲನೆಯದನ್ನು ಕಾರಖಾನೆಯ ಮೇಲ್ವಿಚಾರಕನು ಸಂಜೆಯೇ ಬರೆದಿಡಬಲ್ಲನು. ಎರಡನೆಯದು ತಿಳಿಯುವುದು ಚಾದರವನ್ನು ಕೊಂಡು ಮನೆಗೊಯ್ದು ವರುಷವೆರಡು ವರುಷ ಹೊದ್ದವರಿಗೆ. ಹೊಕ್ಕನ್ನು ಸಡಿಲು ಬಿಟ್ಟು ನೇಯ್ದರೆ ಮೊದಲನೆಯ ಅಂಕಿ ಏರುತ್ತದೆ, ಎರಡನೆಯದು ಇಳಿಯುತ್ತದೆ. ಇಳಿದದ್ದು ಆ ದಿನದ ಪುಸ್ತಕದಲ್ಲಿ ಕಾಣುವುದಿಲ್ಲ.

ವಿಭಾಗಗಳಲ್ಲಿಯೂ ಇದೇ ನಡೆಯುತ್ತದೆ. ಲೆಕ್ಕಕ್ಕಾಗಿ ಎರಡು ವಿಭಾಗಗಳನ್ನು ಊಹಿಸಿಕೊಳ್ಳಿರಿ. ಒಂದರಲ್ಲಿ 24 ಅಧ್ಯಾಪಕರು, ವರ್ಷಕ್ಕೆ 72 ಸಂಶೋಧನ ಲೇಖನಗಳು. ಇನ್ನೊಂದರಲ್ಲಿ 10 ಅಧ್ಯಾಪಕರು, 20 ಲೇಖನಗಳು. ತಲೆಗೆ ಮೂರು ಮತ್ತು ಎರಡು. ಮೊದಲನೆಯದೇ ಮೇಲೆಂದು ತೋರುತ್ತದೆ. ಆದರೆ ಆ 72ರಲ್ಲಿ 50 ಲೇಖನಗಳು ಇಬ್ಬರೇ ಅಧ್ಯಾಪಕರವು ಎಂದಿಟ್ಟುಕೊಳ್ಳಿರಿ. ಉಳಿದ 22 ಮಂದಿಗೆ ಉಳಿದದ್ದು 22, ಎಂದರೆ ತಲೆಗೆ ಒಂದು. ಎರಡನೆಯ ವಿಭಾಗದಲ್ಲಿ ಪ್ರತಿಯೊಬ್ಬರೂ ಎರಡೆರಡು ಬರೆದಿದ್ದರೆ, ಅಲ್ಲಿಗೆ ಸೇರಿದ ವಿದ್ಯಾರ್ಥಿಗೆ ಕೆಲಸಮಾಡುವ ಗುರುವು ಸಿಗುವ ಸಂಭವ ಹೆಚ್ಚು. ಸರಾಸರಿಯೆಂಬುದು ಮರೆಮಾಡುವುದರಲ್ಲಿ ನಿಪುಣ. ಆ ಲೇಖನಗಳನ್ನು ಬೇರೆಯವರು ಓದಿದರೆ, ತಮ್ಮ ಕೆಲಸದಲ್ಲಿ ಬಳಸಿದರೆ ಎಂಬ ಪ್ರಶ್ನೆಯನ್ನು ನಾವಿನ್ನೂ ಕೇಳಿಯೇ ಇಲ್ಲ.

ಊಹೆಯ ವಿಭಾಗಗಳನ್ನು ಬಿಟ್ಟು ನಿಜವಾದ ಒಂದನ್ನು ನೋಡೋಣ. ಅದರ ಕಥೆ ನಮ್ಮೂರಿಗೂ ಸಂಬಂಧಪಟ್ಟದ್ದು. ಉದ್ಯಮಪತಿ ವಾಲಚಂದ ಹಿರಾಚಂದರು 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧ ನಡೆದಿದ್ದಾಗ, 1940ರ ಡಿಸೆಂಬರದಲ್ಲಿ, ಅವರು ಮೈಸೂರು ಸಂಸ್ಥಾನದ ಸರಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಸ್ಥಾಪಿಸಿದರು. ಹಿಂದುಸ್ತಾನ್ ಏರ್‌ಕ್ರಾಫ್ಟ್ ಎಂಬುದು ಅದರ ಹೆಸರು. ಕಾರಖಾನೆ ಬಂದರೆ ಸಾಲದು. ವಿಮಾನದ ವಿಜ್ಞಾನವನ್ನು ಬಲ್ಲ ಯುವಕರು ಬೇಕಷ್ಟೆ! ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರದಲ್ಲಿ ವಿಮಾನಶಿಲ್ಪದ ವಿಭಾಗ ಪ್ರಾರಂಭವಾಯಿತು. ಜಮಶೇಟಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಅರಸರು ಕೊಟ್ಟ 371 ಎಕರೆ ಭೂಮಿಯಿಂದಲೂ 1909ರಲ್ಲಿ ರೂಪುಗೊಂಡ ಈ ಸಂಸ್ಥೆಗೆ 1958ರಲ್ಲಿ ವಿಶ್ವವಿದ್ಯಾಲಯದ ಸಮಾನ ಸ್ಥಾನ ದೊರೆಯಿತು.

ವಿಭಾಗದ ಆರಂಭಕಾಲದ ಹೊಣೆ ಹೊತ್ತವರು ಡಾ. ವಿ. ಎಂ. ಘಾಟಗೆ. ಇವರು ಗಡಹಿಂಗ್ಲಜ ಸೀಮೆಯವರು, ಎಂದರೆ ನಮ್ಮಂತೆ ಗಡಿಯ ಮಣ್ಣಿನವರು. ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಪ್ರಾಂಟ್ಲ್ ಎಂಬ ಮಹಾಪಂಡಿತರ ಶಿಷ್ಯರಾಗಿ 1936ರಲ್ಲಿ ಡಾಕ್ಟರೇಟು ಪಡೆದವರು. ಮುಂದೆ ಅವರು ಕಾರಖಾನೆಯ ವಿನ್ಯಾಸಶಾಖೆಗೆ ಹೋದರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿಗೆ ಹಾರಿತು. ಅಂತಹ ನೂರೈವತ್ತಕ್ಕೂ ಹೆಚ್ಚು ವಿಮಾನಗಳು ತಯಾರಾಗಿ, ದಶಕಗಳ ಕಾಲ ನಮ್ಮ ವಾಯುಸೇನೆಯ ತರುಣರಿಗೆ ಹಾರುವುದನ್ನು ಕಲಿಸಿದವು. ಅದೇ 1951ರಲ್ಲಿ ಸತೀಶ ಧವನ್ ಎಂಬ ಯುವಕರು ಅಮೇರಿಕೆಯಿಂದ ಬಂದು ವಿಭಾಗಕ್ಕೆ ಸೇರಿದರು. 1955ರಲ್ಲಿ ಅದರ ಮುಖ್ಯಸ್ಥರಾದರು. ಗಾಳಿಯು ಶಬ್ದಕ್ಕಿಂತ ವೇಗವಾಗಿ ಹರಿಯುವ ಸುರಂಗವನ್ನು, ಎಂದರೆ ವಿಮಾನದ ಮಾದರಿಯನ್ನು ನಿಲ್ಲಿಸಿ ಪರೀಕ್ಷಿಸುವ ಯಂತ್ರವನ್ನು, ಇವರು ಹೆಚ್ಚಿನ ವೆಚ್ಚವಿಲ್ಲದೆ, ಸಿಕ್ಕ ಸಾಮಗ್ರಿಗಳಿಂದಲೇ ಕಟ್ಟಿಸಿದರು. ಅದು ಈ ದೇಶದಲ್ಲಿ ಆ ಬಗೆಯ ಮೊದಲನೆಯದು.

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಯುದ್ಧ ಮುಗಿದ ಮೇಲೆ ವಿಭಾಗದ ಅಂಗಳದಲ್ಲಿ ಸ್ಪಿಟ್‌ಫಾಯರ್ ಎಂಬ ಯುದ್ಧವಿಮಾನವೊಂದನ್ನು ನಿಲ್ಲಿಸಿದ್ದರು. ಸಾರ್ವಜನಿಕರಿಗೆ ಬಾಗಿಲು ತೆರೆದಿದ್ದ ಒಂದು ದಿನ ಬೆಂಗಳೂರಿನ ಯಂತ್ರಶಿಲ್ಪದ ವಿದ್ಯಾರ್ಥಿಯೊಬ್ಬನು ಅದನ್ನು ಕಂಡು ಮರುಳಾದನು. ಬಳಿಕ ಅಲ್ಲಿಯೇ ಧವನರ ಶಿಷ್ಯನಾದನು. ಅವರೇ ಮುಂದೆ ಜಗದ್ವಿಖ್ಯಾತರಾದ ರೊದ್ದಂ ನರಸಿಂಹ. ಗುರುಶಿಷ್ಯರಿಬ್ಬರೂ ಕೂಡಿ, ಹರಿವು ಶಾಂತಸ್ಥಿತಿಯಿಂದ ಕ್ಷುಬ್ಧಸ್ಥಿತಿಗೆ ತಿರುಗುವ ಬಗೆಯನ್ನು ಕುರಿತು 1958ರಲ್ಲಿ ಪ್ರಕಟಿಸಿದ ಲೇಖನವನ್ನು ಆ ಶಾಸ್ತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ಧವನರು 1962ರಿಂದ 1981ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. 1972ರಿಂದ ದೇಶದ ಅಂತರಿಕ್ಷ ಸಂಶೋಧನೆಯ ಅಧ್ಯಕ್ಷರೂ ಆದರು. 2001ರ ಜನವರಿ 4ರಂದು ಹಾರಿದ ನಮ್ಮ ಹಗುರ ಯುದ್ಧವಿಮಾನದ ಯೋಜನೆಯನ್ನು ನಡೆಸಿದ ಕೋಟಾ ಹರಿನಾರಾಯಣರೂ ಈ ವಿಭಾಗದಲ್ಲಿ ಓದಿದವರೇ.

ಈಗ ವಾಚಕರು ಯೋಚಿಸಬೇಕು. ವಿಭಾಗ ಹುಟ್ಟಿದ ನಾಲ್ಕೈದು ವರ್ಷಕ್ಕೆ, 1947ರ ಸುಮಾರಿಗೆ, ಒಂದು ಸಮಿತಿ ಬಂದು ಇಂದಿನ ಪುಸ್ತಿಕೆಯ ಅಂಕಿಗಳನ್ನೇ ಕೇಳಿದ್ದರೆ ಅದಕ್ಕೆ ಏನು ಸಿಕ್ಕೀತು? ಎಚ್‌ಟಿ-2 ಇನ್ನೂ ಹಾರಿರಲಿಲ್ಲ. ಧವನರು ಬಂದಿರಲಿಲ್ಲ. ಆ ಪ್ರಸಿದ್ಧ ಲೇಖನಕ್ಕೆ ಇನ್ನೂ ಹನ್ನೊಂದು ವರ್ಷ ಉಳಿದಿತ್ತು. ಅಂಗಳದಲ್ಲಿ ನಿಂತ ಹಳೆಯ ವಿಮಾನಕ್ಕಂತೂ ಯಾವ ಕೋಷ್ಟಕದಲ್ಲಿಯೂ ಒಂದು ಅಂಕವೂ ಇರುತ್ತಿರಲಿಲ್ಲ. ವಿಭಾಗದ ಉತ್ಪನ್ನವು ಹೆಚ್ಚಾಗಿ ಮನುಷ್ಯರಾದುದರಿಂದ, ಅದರ ಬೆಳೆ ಕೈಗೆ ಬರಲು ಹತ್ತು ಇಪ್ಪತ್ತು ವರ್ಷ ಹಿಡಿಯುತ್ತದೆ. ನಮ್ಮ ಸೊಲ್ಲಾಪುರದ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2004ರಲ್ಲಿ; ಅಲ್ಲಿಯವರೆಗೆ ಇಲ್ಲಿಯ ಕಾಲೇಜುಗಳು ಕೊಲ್ಲಾಪುರಕ್ಕೆ ಸೇರಿದ್ದವು. ಇಂತಹ ಎಳೆಯ ಸಂಸ್ಥೆಯನ್ನು ನೂರು ವರ್ಷದ ಸಂಸ್ಥೆಯ ಪಕ್ಕದಲ್ಲಿ ನಿಲ್ಲಿಸಿ ಎತ್ತರ ನೋಡುವವರು ಈ ಮಾತನ್ನು ನೆನಪಿಡಬೇಕು. ಹಾಗೆಂದು ಎಳೆತನವು ಎಲ್ಲ ಕೊರತೆಗಳಿಗೂ ನೆಪವಾಗಕೂಡದು.

ಅಳೆಯುವವರು ಯಾರು, ಯಾವುದಕ್ಕಾಗಿ ಅಳೆಯುತ್ತಾರೆ ಎಂಬುದೂ ಮುಖ್ಯ. ಇದೇ ವಿಜ್ಞಾನ ಸಂಸ್ಥೆಯನ್ನು ಪರಿಶೀಲಿಸಲು 1936ರಲ್ಲಿ ಸರ್ ಜೇಮ್ಸ್ ಅರ್ವಿನ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಬಂದಿತು. ಆಗ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್ನರು. ಅವರು 1933ರಲ್ಲಿ ತೆರೆದ ಭೌತಶಾಸ್ತ್ರ ವಿಭಾಗ ಸಂಶೋಧನೆಯಲ್ಲಿ ಅತ್ಯಂತ ಚುರುಕಾಗಿತ್ತು; ಶಬ್ದತರಂಗಗಳಿಂದ ಬೆಳಕು ಚದರುವ ಕುರಿತು ರಾಮನ್ ಮತ್ತು ನಾಗೇಂದ್ರನಾಥರ ಸಿದ್ಧಾಂತ ಆ ವರ್ಷಗಳದೇ. ಅದರ ಲೇಖನಗಳನ್ನು ಎಣಿಸಿದವರು ತಲೆದೂಗಬೇಕು. ಆದರೆ ಭೌತಶಾಸ್ತ್ರವು ಉಳಿದ ವಿಭಾಗಗಳ ಪಾಲನ್ನು ತಿಂದು ಬೆಳೆಯುತ್ತಿದೆಯೆಂಬ ಆಕ್ಷೇಪವನ್ನು ಸಮಿತಿ ಎತ್ತಿ ಹಿಡಿಯಿತು. 1937ರಲ್ಲಿ ರಾಮನ್ನರು ನಿರ್ದೇಶಕ ಪದವಿಯನ್ನು ಬಿಟ್ಟರು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಮುಂದುವರಿದರು. ಯಾರದು ಸರಿಯೆಂಬ ವಾದ ಇನ್ನೂ ತೀರಿಲ್ಲ. ನನಗೆ ತೋರುವುದಿಷ್ಟು: ಒಬ್ಬರು ವಿಜ್ಞಾನಕ್ಕೆ ಏನು ಸೇರಿತೆಂದು ಕೇಳಿದರು, ಇನ್ನೊಬ್ಬರು ಹಣ ಸಮನಾಗಿ ಹಂಚಿತೆ ಎಂದು ಕೇಳಿದರು. ಪ್ರಶ್ನೆ ಬೇರೆಯಾದಲ್ಲಿ ಉತ್ತರ ಬೇರೆಯಾದುದರಲ್ಲಿ ಆಶ್ಚರ್ಯವಿಲ್ಲ.

ಈಗಿನ ಏರ್ಪಾಡುಗಳಲ್ಲಿ ಮೂರರ ಹೆಸರು ಪಾಲಕರ ಕಿವಿಗೆ ಬೀಳುತ್ತದೆ. ನ್ಯಾಕ್ ಎಂಬ ಮಂಡಳಿ 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅದು ಕೊಡುವ ಮಾನ್ಯತೆ ಇಡೀ ಸಂಸ್ಥೆಗೆ. ಅದೇ ವರ್ಷ ಹುಟ್ಟಿದ ಎನ್‌ಬಿಎ ಎಂಬುದು ಒಂದೊಂದು ಪಾಠಕ್ರಮವನ್ನು ಬೇರೆಬೇರೆಯಾಗಿ ಪರಿಶೀಲಿಸುತ್ತದೆ. ಆದುದರಿಂದ ಒಂದು ಕಾಲೇಜಿನ ಸಿವಿಲ್ ಶಾಖೆಗೆ ಮಾನ್ಯತೆಯಿದ್ದು ವಿದ್ಯುತ್ ಶಾಖೆಗೆ ಇಲ್ಲದಿರಬಹುದು. ಮಗನು ಸೇರುವುದು ವಿದ್ಯುತ್ ಶಾಖೆಗಾದರೆ, ಬಾಗಿಲಿಗೆ ತೂಗುಹಾಕಿದ ಫಲಕ ಯಾವುದನ್ನು ಕುರಿತದ್ದೆಂದು ಓದಿ ನೋಡಬೇಕು. ಮೂರನೆಯದು 2016ರಿಂದ ಕೇಂದ್ರ ಸರಕಾರ ಪ್ರಕಟಿಸುತ್ತಿರುವ ಶ್ರೇಯಾಂಕಪಟ್ಟಿ. ಇಂಜಿನಿಯರಿಂಗ್ ಸಂಸ್ಥೆಗಳಿಗೆ ಅದರಲ್ಲಿ ಬೋಧನೆ ಮತ್ತು ಸಾಧನಗಳಿಗೆ ನೂರಕ್ಕೆ 30, ಸಂಶೋಧನೆಗೆ 30, ಪದವೀಧರರ ಫಲಿತಕ್ಕೆ 20, ಎಲ್ಲ ವರ್ಗ ಪ್ರದೇಶಗಳವರನ್ನು ಒಳಗೊಳ್ಳುವುದಕ್ಕೆ 10, ಜನಾಭಿಪ್ರಾಯಕ್ಕೆ 10. ಈ ಕೊನೆಯ ಹತ್ತು ಬಹಳಮಟ್ಟಿಗೆ ಹಳೆಯ ಹೆಸರಿಗೆ ಸಲ್ಲುವ ಕಾಣಿಕೆ.

ಆದರೆ ನಮ್ಮ ಮಕ್ಕಳ ಮಟ್ಟಿಗೆ ಅತಿ ಮುಖ್ಯವಾದ ಒಂದು ಅಂಕಿ ಪುಸ್ತಿಕೆಗಳಲ್ಲಿ ಕಾಣಸಿಗುವುದಿಲ್ಲ. ಮತ್ತೆ ಊಹೆಯ ಎರಡು ವಿಭಾಗಗಳು. ಮೊದಲನೆಯದಕ್ಕೆ 120 ಮಂದಿ ಸೇರಿ 96 ಮಂದಿ ನಾಲ್ಕು ವರ್ಷಗಳಲ್ಲಿ ತೇರ್ಗಡೆಯಾದರು: ಶೇಕಡಾ 80. ಎರಡನೆಯದಕ್ಕೆ 60 ಮಂದಿ ಸೇರಿ 45 ಮಂದಿ: ಶೇಕಡಾ 75. ಮೊದಲನೆಯದೇ ಉತ್ತಮವೆಂದು ಮಗನನ್ನು ಅಲ್ಲಿಗೆ ಕಳಿಸುವಿರಿ. ತಾಳಿರಿ. ಮೊದಲನೆಯದರಲ್ಲಿ ಮಾತೃಭಾಷೆಯ ಶಾಲೆಗಳಿಂದ ಬಂದವರು 20, ಅವರಲ್ಲಿ ತೇರ್ಗಡೆಯಾದವರು 8 ಮಂದಿ. ಎರಡನೆಯದರಲ್ಲಿ ಅಂತಹವರು 40, ತೇರ್ಗಡೆಯಾದವರು 30. ಕನ್ನಡ ಶಾಲೆಯ ವಿದ್ಯಾರ್ಥಿಗೆ ಮೊದಲನೆಯ ವಿಭಾಗವು ಶೇಕಡಾ 40ರ ಸ್ಥಳ, ಎರಡನೆಯದು ಶೇಕಡಾ 75ರ ಸ್ಥಳ. ಇತರರಿಗೆ ಮೊದಲನೆಯದೇ ಒಳ್ಳೆಯದು, ಅಲ್ಲಿ ನೂರಕ್ಕೆ 88 ಮಂದಿ ಗೆದ್ದಿದ್ದಾರೆ. ಒಂದೇ ವಿಭಾಗ ಒಬ್ಬನಿಗೆ ಉತ್ತಮ, ಇನ್ನೊಬ್ಬನಿಗೆ ಅಧಮ.

ಇದು ಬರಿಯ ಗಣಿತವಲ್ಲ. ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆಯ ಕಡೆಯ ನನ್ನ ವಿದ್ಯಾರ್ಥಿಯೊಬ್ಬನು ಹತ್ತನೆಯ ಇಯತ್ತೆ ಮುಗಿಸಿ ಡಿಪ್ಲೋಮಾಕ್ಕೆ ಸೇರಿ, ದೀಪಾವಳಿಯ ರಜೆಗೆ ಬಂದವನು ಮರಳಿ ಹೋಗಲು ಒಪ್ಪಲಿಲ್ಲ. ಗಣಿತದಲ್ಲಿ ಅವನು ನಮ್ಮ ಶಾಲೆಗೆ ಮೊದಲಿಗ. ಕಾರಣ ಕೇಳಿದರೆ, "ಸರ್, ಸಂವೇಗ ಎಂದರೆ ನನಗೆ ಗೊತ್ತು. ಅಲ್ಲಿ ಮೂರು ವಾರ ಮೊಮೆಂಟಮ್ ಎಂದು ಕಲಿಸಿದರು. ಅದು ಇದೇ ಎಂದು ನನಗೆ ತಿಳಿದದ್ದು ಪರೀಕ್ಷೆಯಾದ ಮೇಲೆ" ಎಂದನು. ಕೇಳಲು ಅವನಿಗೆ ನಾಚಿಕೆ. ಹೇಳಲು ಅಲ್ಲಿ ಯಾರೂ ಇರಲಿಲ್ಲ. ಆ ಸಂಸ್ಥೆಯ ಫಲಿತಾಂಶ ಆ ವರ್ಷವೂ ಚೆನ್ನಾಗಿಯೇ ಇತ್ತು, ಏಕೆಂದರೆ ಪರೀಕ್ಷೆಗೆ ಕೂಡದೆ ಬಿಟ್ಟುಹೋದವನು ಶೇಕಡಾವಾರಿನ ಒಳಗೆ ಬರುವುದೇ ಇಲ್ಲ. ಅವನಿಗಾಗಿ ಶಬ್ದಗಳ ಒಂದು ಜೋಡಿಪಟ್ಟಿಯನ್ನು ನಾವೇ ಮೊದಲೇ ಬರೆದುಕೊಡಬಹುದಿತ್ತು. ಆ ತಪ್ಪು ನನ್ನದೂ ಹೌದು. ಮರು ವರ್ಷದಿಂದ ಹತ್ತನೆಯ ಇಯತ್ತೆಯವರಿಗೆ ಕೊನೆಯ ತಿಂಗಳಲ್ಲಿ ಅಂತಹ ಪಟ್ಟಿಯನ್ನು ಬರೆಯಿಸುತ್ತಿದ್ದೇನೆ.

ಆದುದರಿಂದ ಕಾಲೇಜನ್ನು ನೋಡಲು ಹೋಗುವ ಪಾಲಕರು ಕಚೇರಿಯಲ್ಲಿ ಕೂತು ಪುಸ್ತಿಕೆ ತಿರುವಿ ಮರಳಬಾರದು. ಮೂರು ವರ್ಷದ ಹಿಂದೆ ಮೊದಲ ವರ್ಷಕ್ಕೆ ಸೇರಿದವರೆಷ್ಟು, ಈಗ ಕೊನೆಯ ವರ್ಷದ ತರಗತಿಯಲ್ಲಿ ಕೂಡುವವರೆಷ್ಟು ಎಂದು ಕೇಳಬೇಕು. ಇವೆರಡರ ನಡುವಿನ ಅಂತರವೇ ಪುಸ್ತಿಕೆಯಲ್ಲಿಲ್ಲದ ಅಂಕಿ. ಪ್ರಯೋಗಶಾಲೆಗೆ ಹೋಗಿ ಯಂತ್ರಗಳ ಮೇಲೆ ಧೂಳಿದೆಯೆ, ಹಿಡಿಕೆಗಳು ಸವೆದಿವೆಯೆ ನೋಡಬೇಕು. ಸವೆದ ಹಿಡಿಕೆ ಶುಭಲಕ್ಷಣ. ನೌಕರಿ ಸಿಕ್ಕವರ ಸಂಖ್ಯೆಯ ಜೊತೆಗೆ, ಅವರಲ್ಲಿ ತಾವು ಕಲಿತ ವಿದ್ಯೆಯ ಕೆಲಸವನ್ನೇ ಮಾಡುವವರೆಷ್ಟು ಎಂದು ವಿಚಾರಿಸಬೇಕು. ಕಡೆಗೆ ಕನ್ನಡ ಅಥವಾ ಮರಾಠಿ ಶಾಲೆಯಿಂದ ಬಂದ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ತೋರಿಸಿರಿ ಎನ್ನಬೇಕು. ಅವರ ಹೆಸರು ಅಧ್ಯಾಪಕರಿಗೆ ದಾಖಲೆ ನೋಡದೆಯೇ ನೆನಪಿಗೆ ಬಂದರೆ, ಕಟ್ಟಡ ಹಳೆಯದಾಗಿದ್ದರೂ ಅಲ್ಲಿ ಅರ್ಜಿ ಕೊಡಬಹುದು.