ಎರಡು ಗಾಡಿಗಳ ನಡುವೆ ಊರಿಗಾಂ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮೂರು ದಾರಿಗಳು ಕೂಡುತ್ತವೆ. ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ಹೆದ್ದಾರಿಯಂಥ ಮಾರ್ಗ 1864ರಷ್ಟು ಹಳೆಯದು. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಮೇಲೆ ಯಲಹಂಕ ಸೇರುವುದು ಎರಡನೆಯದು. ಒಂದು ಕಾಲಕ್ಕೆ ಅದು ಪುಟ್ಟ ನ್ಯಾರೋಗೇಜ್ ಹಳಿ. ಮೂರನೆಯದು ಚಿನ್ನದ ಗಣಿಗೆಂದೇ ಹಾಕಿದ್ದು, ಮಾರಿಕುಪ್ಪಂವರೆಗೆ ಸುಮಾರು 16 ಕಿ.ಮೀ. ಉದ್ದದ ಕವಲು. ಮೂರು ದಾರಿ ಕೂಡುವಲ್ಲಿ ಗಾಡಿ ಬದಲಿಸುವವರು ಇದ್ದೇ ಇರುತ್ತಾರೆ, ಅವರಿಗೆ ಕಾಯುವುದು ತಪ್ಪುವುದಿಲ್ಲ. ಚಿಂತಾಮಣಿಯಿಂದ ಬೆಳಿಗ್ಗೆ ಬಂದವರಿಗೆ ಚೆನ್ನೈ ಕಡೆಯ ಗಾಡಿ ಮಧ್ಯಾಹ್ನದ ಮೇಲೆ ಇರಬಹುದು. ಐದಾರು ಗಂಟೆ ಕೈಯಲ್ಲಿ ಉಳಿಯುತ್ತದೆ. ಹೆಚ್ಚಿನವರು ಅಷ್ಟು ಹೊತ್ತನ್ನೂ ಪ್ಲಾಟ್‌ಫಾರಂ ಬೆಂಚಿನ ಮೇಲೆ, ಮೊಬೈಲಿನ ಬ್ಯಾಟರಿ ಮುಗಿಯುವವರೆಗೆ ಕಳೆಯುತ್ತಾರೆ.

ಹಾಗೆ ಕಳೆಯಬೇಕಾಗಿಲ್ಲ. ಮೊದಲ ಸಲ ಇಂಥ ಕಾಯುವಿಕೆಗೆ ಸಿಕ್ಕವರಿಗೆ ಅದನ್ನು ಬಳಸಿಕೊಳ್ಳುವ ಬಗೆಯನ್ನು ನಿಧಾನವಾಗಿ ಹೇಳಿಕೊಡುತ್ತೇನೆ.

ಮೊದಲು ಒಂದು ಕಳೆಯುವ ಲೆಕ್ಕ. ಬೆಳಿಗ್ಗೆ ಹತ್ತಕ್ಕೆ ಇಳಿದಿರಿ, ಮುಂದಿನ ಗಾಡಿ ಸಂಜೆ ನಾಲ್ಕಕ್ಕೆ ಎಂದುಕೊಳ್ಳಿ. ನಿಮ್ಮ ಬಳಿ ಆರು ಗಂಟೆ ಇದೆ ಎಂದು ತೋರುತ್ತದೆ, ಆದರೆ ಇಲ್ಲ. ಗಾಡಿಗೆ ಮುಂಚಿನ ಒಂದು ಗಂಟೆಯನ್ನು ಮುಟ್ಟಲೇಬಾರದು, ಅದು ಗಾಡಿಯದೇ ಎಂದು ತಿಳಿಯಿರಿ. ಇಳಿದ ಮೇಲೆ ಮುಖ ತೊಳೆದು, ತಿಂಡಿ ತಿಂದು, ಹೊರಗೆ ಬರಲು ಅರ್ಧ ಗಂಟೆ. ಹೋಗುವ ದಾರಿ, ಬರುವ ದಾರಿ, ವಾಹನಕ್ಕೆ ಕಾಯುವುದು ಎಲ್ಲ ಸೇರಿ ಎರಡು ಗಂಟೆ. ಉಳಿದದ್ದು ಎರಡೂವರೆ ಗಂಟೆ. ನಿಜವಾಗಿ ನಿಮ್ಮದಾದ ಹೊತ್ತು ಇಷ್ಟೇ. ಇಷ್ಟು ಹೊತ್ತಿನಲ್ಲಿ ಒಂದೇ ಒಂದು ಜಾಗವನ್ನು ಚೆನ್ನಾಗಿ ನೋಡಬಹುದು. ಎರಡು ನೋಡಲು ಹೋದವರು ಎರಡನ್ನೂ ಆಟೊದ ಕಿಟಕಿಯಿಂದ ನೋಡಿ ಬರುತ್ತಾರೆ.

ವಿಮಾನದ ಪ್ರಯಾಣಕ್ಕೂ ಲೆಕ್ಕ ಇದೇ, ಕಳೆಯಬೇಕಾದ ಅಂಕಿಗಳು ಮಾತ್ರ ದೊಡ್ಡವು. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದವರು ಮಧ್ಯದಲ್ಲಿ ಕಾಯುವ ಪ್ರಯಾಣಿಕರನ್ನು ಪುಕ್ಕಟೆಯಾಗಿ ಊರು ಸುತ್ತಿಸುತ್ತಾರೆ. ಆದರೆ ಎರಡು ವಿಮಾನಗಳ ನಡುವೆ ಕನಿಷ್ಠ ಐದೂವರೆ ಗಂಟೆ ಇದ್ದವರಿಗೆ ಮಾತ್ರ. ಸುತ್ತಾಟ ಎರಡೂವರೆ ಗಂಟೆಯದು. ಉಳಿದ ಮೂರು ಗಂಟೆ ಇಮಿಗ್ರೇಷನ್‌ಗೆ, ಭದ್ರತಾ ತಪಾಸಣೆಗೆ, ಗೇಟಿಗೆ ನಡೆಯುವುದಕ್ಕೆ. ಜಗತ್ತಿನಲ್ಲೇ ಅಚ್ಚುಕಟ್ಟೆಂದು ಹೆಸರಾದ ನಿಲ್ದಾಣ ಇಷ್ಟು ಬಿಟ್ಟುಕೊಳ್ಳುತ್ತದೆ ಎಂದ ಮೇಲೆ ನಾವು ಅದಕ್ಕಿಂತ ಕಡಿಮೆ ಬಿಟ್ಟುಕೊಳ್ಳಬಾರದು. ಹೊರಗೆ ಕಾಲಿಡುವ ಮುಂಚೆ ಆ ದೇಶದ ವೀಸಾ ಬೇಕೇ, ಸಾಮಾನು ನೇರವಾಗಿ ಕೊನೆಯ ಊರಿಗೆ ಹೋಗುತ್ತದೆಯೇ ಅಥವಾ ಇಲ್ಲೇ ಇಳಿಸಿಕೊಳ್ಳಬೇಕೇ, ಈ ಎರಡನ್ನು ಹೊರಡುವ ಊರಿನ ಕೌಂಟರಿನಲ್ಲೇ ಕೇಳಿಕೊಳ್ಳಿ. ದೇವನಹಳ್ಳಿಯಲ್ಲಿ ಕಾಯುವವರು ಯಾವ ಟರ್ಮಿನಲ್‌ನಿಂದ ಮುಂದಿನ ವಿಮಾನ ಎಂಬುದನ್ನೂ ನೋಡಿಕೊಳ್ಳಬೇಕು. ಒಂದನೆಯದು, ಎರಡನೆಯದು ಬೇರೆ ಬೇರೆ ಕಟ್ಟಡಗಳು.

ಈಗ ಬಂಗಾರಪೇಟೆಗೆ ಬರೋಣ. ಇಲ್ಲಿಂದ ನೋಡಬೇಕಾದ ಒಂದು ಜಾಗ ಯಾವುದು ಎಂದರೆ ನಾನು ಎರಡನೆಯ ಯೋಚನೆ ಇಲ್ಲದೆ ಊರಿಗಾಂ ಎನ್ನುತ್ತೇನೆ.

ಕವಲಿನ ಗಾಡಿ ಬಂಗಾರಪೇಟೆ ಬಿಟ್ಟು ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಮುಂದೆ ಹಳಿ ಇಲ್ಲ. ಈ ಹಳಿ ಬಂದದ್ದು 1894ರಲ್ಲಿ, ಗಣಿಗೆ ಬೇಕಾದ ಕಲ್ಲಿದ್ದಲು, ಮರ, ಯಂತ್ರಗಳನ್ನು ಹೊರಲು. ಇಂದು ಅದು ಹೊರುವುದು ಮನುಷ್ಯರನ್ನು. ಗಣಿ ಮುಚ್ಚಿದ ಮೇಲೆ ಗಣಿಯ ಊರಾದ ಕೆಜಿಎಫ್‌ನ ಸಾವಿರಾರು ಜನ ನಸುಕಿನಲ್ಲೇ ಗಾಡಿ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಹಾಗಾಗಿ ಬೆಳಿಗ್ಗೆ ಬೆಂಗಳೂರಿನ ಕಡೆಗೆ, ಸಂಜೆ ಇತ್ತ ಕಡೆಗೆ ಗಾಡಿ ತುಂಬಿರುತ್ತದೆ; ನಡುಹಗಲಿನಲ್ಲಿ ಗಾಡಿಗಳೇ ವಿರಳ. ನೀವು ಮಾಡಬೇಕಾದ್ದು ಇಷ್ಟು: ಇಳಿದ ಕೂಡಲೇ ವಿಚಾರಣೆಯ ಕಿಟಕಿಗೆ ಹೋಗಿ, ಮಾರಿಕುಪ್ಪಂನಿಂದ ಹಿಂದಕ್ಕೆ ಬರುವ ಗಾಡಿ ಎಷ್ಟು ಹೊತ್ತಿಗೆ ಎಂದು ಮೊದಲು ಕೇಳಿ. ಹೋಗುವ ಗಾಡಿಯನ್ನು ಆಮೇಲೆ ಕೇಳಿದರಾಯಿತು. ಗಾಡಿ ಹೊಂದದಿದ್ದರೆ ರಾಬರ್ಟ್‌ಸನ್‌ಪೇಟೆಯ ಬಸ್ಸು ಹತ್ತಿ, ಅಲ್ಲಿಂದ ಆಟೊದಲ್ಲಿ ಊರಿಗಾಂಗೆ ಬನ್ನಿ.

ಟಿಕೆಟ್ಟಿನ ವಿಷಯದಲ್ಲಿ ಹೊಸಬರು ತಿಳಿಯಬೇಕಾದ ಒಂದು ನಿಯಮವಿದೆ. ಇನ್ನೂರು ಕಿ.ಮೀ. ಒಳಗಿನ ದೂರಕ್ಕೆ ಕೌಂಟರಿನಲ್ಲಿ ಕೊಳ್ಳುವ ಸಾಮಾನ್ಯ ಟಿಕೆಟ್ ಇಡೀ ದಿನಕ್ಕೆ ಸಲ್ಲುವುದಿಲ್ಲ. ಕೊಂಡ ಮೂರು ಗಂಟೆಯೊಳಗೆ, ಅಥವಾ ಆ ಊರಿಗೆ ಹೋಗುವ ಮೊದಲ ಗಾಡಿ ಹೊರಡುವುದರೊಳಗೆ, ಇವೆರಡರಲ್ಲಿ ಯಾವುದು ತಡವೋ ಅಷ್ಟರೊಳಗೆ ಪ್ರಯಾಣ ಶುರುವಾಗಬೇಕು. ಹಾಗಾಗಿ ಸಂಜೆಯ ಟಿಕೆಟ್ಟನ್ನು ಬೆಳಿಗ್ಗೆಯೇ ಕೊಂಡಿಟ್ಟು ನಿಶ್ಚಿಂತರಾಗಬೇಡಿ. ಸಾಮಾನು ನೀವೊಬ್ಬರೇ ಹೆಗಲಿಗೆ ಹಾಕಿಕೊಂಡು ಒಂದು ಗಂಟೆ ನಡೆಯುವಷ್ಟಿದ್ದರೆ ಮಾತ್ರ ಹೊರಡಿ. ಜೊತೆಗೆ ವಯಸ್ಸಾದವರು, ಎಳೆಯ ಮಕ್ಕಳು ಇದ್ದರೆ ವೇಟಿಂಗ್ ರೂಮಿನಲ್ಲಿ ಕಾಲು ನೀಡಿ ಒರಗಿಕೊಳ್ಳುವುದೇ ಒಳ್ಳೆಯದು, ಅದರಲ್ಲಿ ಕಳೆದುಕೊಂಡದ್ದೇನೂ ಇಲ್ಲ.

ಊರಿಗಾಂನಲ್ಲಿ ಇಳಿದರೆ ನೋಡಲು ಏನಿದೆ? ಟಿಕೆಟ್ ಕೊಟ್ಟು ಒಳಗೆ ಬಿಡುವ ಜಾಗ ಒಂದೂ ಇಲ್ಲ. ಗಣಿಯ ಕಟ್ಟಡಗಳು, ಶಾಫ್ಟುಗಳು ಬೀಗ ಹಾಕಿಕೊಂಡಿವೆ. ಅನುಮತಿ ಇಲ್ಲದೆ ಬೇಲಿ ದಾಟಬಾರದು. ನೋಡಬೇಕಾದ್ದೆಲ್ಲ ರಸ್ತೆಯಿಂದಲೇ ಕಾಣುತ್ತದೆ, ಆದರೆ ಅದರ ಹಿಂದಿನ ಕಥೆ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಅದಕ್ಕೇ ಅಷ್ಟು ಕಥೆಯನ್ನು ಇಲ್ಲೇ ಹೇಳುತ್ತೇನೆ.

ನ್ಯೂಜಿಲೆಂಡಿನ ಯುದ್ಧದಿಂದ ಮರಳಿದ್ದ ಲವೆಲ್ ಎಂಬ ಐರಿಷ್ ಸೈನಿಕ 1873ರಲ್ಲಿ ಮೈಸೂರು ಸರ್ಕಾರದಿಂದ ಇಲ್ಲಿ ಅಗೆಯುವ ಪರವಾನಗಿ ಪಡೆದ. ಅವನ ಕೈಯಲ್ಲಿ ಅದು ದೊಡ್ಡದಾಗಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈ ಹಾಕಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿಗಳು ಸಾಲಾಗಿ ಎದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷದ ಮೇಲೆ, 1905ರಲ್ಲಿ. ಕುಡಿಯುವ ನೀರು ಬೇತಮಂಗಲದಿಂದ, ಪಾಲಾರ್ ನದಿಯ ಕೆರೆಯಿಂದ ಬರುತ್ತಿತ್ತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿ.ಮೀ.ಗಿಂತ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿ ತಳ್ಳಿದರೆ ಮಾತ್ರ ಮನುಷ್ಯ ಕೆಲಸ ಮಾಡಬಹುದಾಗಿತ್ತು. ಮೇಲಿನ ಭಾರ ತಾಳದೆ ಬಂಡೆ ತಾನಾಗಿ ಸಿಡಿಯುವುದೂ ಇತ್ತು. ಹಾಗೆ ಸಿಡಿದಾಗ ಸತ್ತವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಬಡ ಕೂಲಿಗಳು. ಅವರ ಮಕ್ಕಳು ಮೊಮ್ಮಕ್ಕಳೇ ಇಂದು ಈ ಊರಿನವರು, ಆದ್ದರಿಂದಲೇ ಇಲ್ಲಿ ತಮಿಳು ಹೆಚ್ಚಾಗಿ ಕೇಳಿಸುತ್ತದೆ. ಕನ್ನಡದಲ್ಲಿ ದಾರಿ ಕೇಳಿದರೆ ಕನ್ನಡದಲ್ಲೇ ಹೇಳುತ್ತಾರೆ.

ಗಣಿಯ ಆಳ ವಿಜ್ಞಾನಿಗಳಿಗೂ ಒದಗಿತು. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಣಗಳನ್ನು ಎರಡು ಕಿ.ಮೀ.ಗೂ ಹೆಚ್ಚು ದಪ್ಪದ ಬಂಡೆ ಸೋಸಿಬಿಡುತ್ತದೆ, ನ್ಯೂಟ್ರಿನೊ ಮಾತ್ರ ಒಳಗೆ ಬರುತ್ತದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ 1965ರಲ್ಲಿ ವಾತಾವರಣದ ನ್ಯೂಟ್ರಿನೊದ ಗುರುತನ್ನು ಇಲ್ಲಿ ಹಿಡಿದರು. ಜಗತ್ತಿನಲ್ಲಿ ಅದನ್ನು ಕಂಡ ಮೊದಲಿಗರ ಸಾಲಿನಲ್ಲಿ ಅವರಿದ್ದಾರೆ. ಶಾಲೆಗೆ ಹೋಗುವ ಮಕ್ಕಳು ಜೊತೆಗಿದ್ದರೆ ಇದನ್ನು ಅವರಿಗೆ ಮರೆಯದೆ ಹೇಳಿ. ಚಿನ್ನಕ್ಕಿಂತ ಇದು ಅವರ ನೆನಪಿನಲ್ಲಿ ನಿಲ್ಲುತ್ತದೆ.

ಈಗ ತಲೆ ಎತ್ತಿ ನೋಡಿ. ಗಣಿಯ ಬಾಯಿಯ ಮೇಲೆ ನಿಂತ ಉಕ್ಕಿನ ಗೋಪುರ, ಅದರ ತುದಿಯಲ್ಲಿ ಚಕ್ರ. ಆ ಚಕ್ರದ ಮೇಲೆ ಹಾಯುತ್ತಿದ್ದ ಹಗ್ಗಕ್ಕೆ ತೂಗಿದ ಪಂಜರದಲ್ಲಿ ಕಾರ್ಮಿಕರು ಇಳಿಯುತ್ತಿದ್ದರು. ತುಸು ದೂರದಲ್ಲಿ ತಲೆ ಚಪ್ಪಟೆಯಾದ ಬೋಳು ಗುಡ್ಡಗಳು ಕಾಣುತ್ತವೆ. ದೇವರು ಮಾಡಿದ ಗುಡ್ಡಗಳಲ್ಲ ಅವು. ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹುಡಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದ ರಾಶಿ. ಜನ ಸೈನೈಡ್ ಗುಡ್ಡ ಎನ್ನುತ್ತಾರೆ. ಗಣಿಯಿಂದ ಬಂದ ಚಿನ್ನ ಒಟ್ಟು ಸುಮಾರು 800 ಟನ್. ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಸಿಗುತ್ತಿತ್ತು. ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದರೆ ಇಲ್ಲಿದೆ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಗುಡ್ಡಗಳು ಮಾತ್ರ ಹಾಗೇ ಇವೆ. ಆಷಾಢದ ಗಾಳಿಗೆ ಈ ಹುಡಿ ಎದ್ದು ಮನೆಗಳೊಳಗೆ ನುಗ್ಗುತ್ತದೆ. 2018ರಲ್ಲಿ ಕೆಜಿಎಫ್ ಸಿನಿಮಾ ಬಂದ ಮೇಲೆ ಇವುಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವ ಆಸೆ ಬಹಳ ಮಂದಿಗೆ. ದಯವಿಟ್ಟು ಹತ್ತಬೇಡಿ. ಹುಡಿ ಕುಸಿಯುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ಪಕ್ಕದಲ್ಲಿ ಬದುಕುವವರ ಕಣ್ಣೆದುರು ಅದು ಆಟದ ಮೈದಾನ ಆಗಬಾರದು ಎಂದು ನನಗೆ ಅನ್ನಿಸುತ್ತದೆ.

ನಡೆದು ನೋಡಲು ಎರಡು ಬಗೆಯ ಬೀದಿಗಳಿವೆ. ಎತ್ತರದಲ್ಲಿ ದೊಡ್ಡ ಮರಗಳ ನೆರಳಿನ ಬಂಗಲೆಗಳು, ಕ್ಲಬ್ಬು, ಅಧಿಕಾರಿಗಳಿದ್ದ ಕಡೆ. ತಗ್ಗಿನಲ್ಲಿ ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಕಾರ್ಮಿಕರ ಲೈನ್ ಮನೆಗಳು. ಇವೆರಡರ ನಡುವೆ ಅರ್ಧ ಗಂಟೆ ನಡೆಯಿರಿ. ಯಾರಾದರೂ ಹಿರಿಯರು ಜಗಲಿಯಲ್ಲಿ ಕೂತಿದ್ದರೆ ನಮಸ್ಕಾರ ಹೇಳಿ, ಗಣಿಯಲ್ಲಿ ಕೆಲಸ ಮಾಡಿದ್ದಿರಾ ಎಂದು ಕೇಳಿ. ಅವರು ಮಾತಾಡಲು ಶುರು ಮಾಡಿದರೆ ನಿಮ್ಮ ಬಳಿ ಉಳಿದಿರುವ ಹೊತ್ತನ್ನು ಅವರಿಗೇ ಕೊಡಿ, ಬೇರೇನೂ ನೋಡಬೇಡಿ.

ಕೈಯಲ್ಲಿ ಮೂರೇ ಗಂಟೆ ಇದ್ದರೆ ಊರಿಗಾಂ ಬೇಡ, ಬಂಗಾರಪೇಟೆಯ ಪೇಟೆಯಲ್ಲೇ ಸುತ್ತಾಡಿ. ಇಲ್ಲಿಯ ಪಾನಿಪುರಿಯ ನೀರು ಹಸಿರಲ್ಲ, ಕಂದಲ್ಲ. ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗೆ ಬಿದ್ದ ಮೇಲೆ ಖಾರ ತಿಳಿಯುತ್ತದೆ. ಬೆಂಗಳೂರಿನಲ್ಲಿ ಬಂಗಾರಪೇಟೆ ಚಾಟ್ಸ್ ಎಂದು ಬೋರ್ಡು ಹಾಕಿದ ಅಂಗಡಿಗಳ ಮೂಲ ಈ ಊರು. ಮುಂದೆ ರಾತ್ರಿಯ ಪ್ರಯಾಣ ಇದ್ದರೆ ಒಂದು ಪ್ಲೇಟಿಗೆ ನಿಲ್ಲಿಸಿ.

ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಇದ್ದರೆ ಊರಿಗಾಂ ನೋಡಿದ ಮೇಲೆ ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಸ್ಥಾನಕ್ಕೆ ಹೋಗಿ ಬರಬಹುದು. ಆಟೊದವರೊಡನೆ ಕಾಯುವ ದುಡ್ಡನ್ನೂ ಸೇರಿಸಿ ಮೊದಲೇ ಮಾತಾಡಿಕೊಳ್ಳಿ. ಮುಂದಿನ ಗಾಡಿ ತಡವಾಗಿದೆಯೇ ಎಂದು 139ಕ್ಕೆ ಫೋನ್ ಮಾಡಿ ಕೇಳಬಹುದು. ತಡ ಎಂದು ಹೇಳಿದರೂ ಮೊದಲು ಲೆಕ್ಕ ಹಾಕಿದ ಹೊತ್ತಿಗೇ ಜಂಕ್ಷನ್ನಿಗೆ ಮರಳಿ, ಏಕೆಂದರೆ ತಡವಾದ ಗಾಡಿ ದಾರಿಯಲ್ಲಿ ಹೊತ್ತನ್ನು ಸರಿದೂಗಿಸಿಕೊಂಡು ಬಂದುಬಿಡುವುದುಂಟು.