ವಿಕಿರಣ ಅಂಟುರೋಗವಲ್ಲ



ರಾಯದುರ್ಗ, ಮಡಕಶಿರಾ ಸೀಮೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ, ಕ್ಯಾನ್ಸರಿಗೆ ‘ಕರೆಂಟ್’ ಕೊಡಿಸಿಕೊಂಡು ಬರುವವರಿದ್ದಾರೆ. ಅದು ವಿದ್ಯುತ್ತಲ್ಲ, ವಿಕಿರಣ. ಹಾಗೆ ಬಂದವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವ ಮನೆಗಳೂ ಉಂಟು. ವಿಕಿರಣವೆಂದೊಡನೆ ಅಣುಬಾಂಬು ನೆನಪಾಗಿ ಹುಟ್ಟುವ ಈ ಭಯ ಎಷ್ಟು ನಿಜವೆಂಬುದನ್ನು ವಿಚಾರಿಸೋಣ.

1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ ನಗರಗಳ ಮೇಲೆ ಅಮೆರಿಕ ಅಣುಬಾಂಬು ಹಾಕಿತು. ಆ ವರ್ಷದ ಕೊನೆಯೊಳಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 74,000 ಜನ ಸತ್ತರು. ಬೆಂಕಿಯಿಂದ ಪಾರಾದವರಲ್ಲೂ ಅನೇಕರಿಗೆ ವಾಂತಿ, ರಕ್ತಭೇದಿ ಕಾಣಿಸಿತು, ಕೂದಲು ಉದುರಿತು. ದೇಹದಲ್ಲಿ ಬೇಗ ಬೇಗ ಹುಟ್ಟಿ ಬೆಳೆಯುವ ಜೀವಕೋಶಗಳಿಗೆ ವಿಕಿರಣದ ಪೆಟ್ಟು ಮೊದಲು ಬೀಳುತ್ತದೆ. ಕೂದಲಿನ ಬುಡ, ಕರುಳಿನ ಒಳಪದರ, ರಕ್ತ ಹುಟ್ಟಿಸುವ ಮೂಳೆಯ ಮಜ್ಜೆ ಇಂಥವು. ಕೆಲವು ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಹೆಚ್ಚಿತು. ಎರಡು ವರ್ಷದ ಕೂಸಾಗಿದ್ದಾಗ ಹಿರೋಶಿಮಾದಲ್ಲಿ ವಿಕಿರಣಕ್ಕೆ ಸಿಕ್ಕ ಸದಾಕೊ ಸಸಾಕಿ ಎಂಬ ಬಾಲಕಿ 1955ರಲ್ಲಿ, 12ನೆಯ ವಯಸ್ಸಿನಲ್ಲಿ ಅದರಿಂದಲೇ ತೀರಿಕೊಂಡಳು. ಗರ್ಭದಲ್ಲಿದ್ದ ಕೆಲವು ಶಿಶುಗಳು ಸಣ್ಣ ತಲೆಯೊಂದಿಗೆ, ಬುದ್ಧಿ ಬೆಳೆಯದೆ ಹುಟ್ಟಿದವು.

ಬದುಕುಳಿದವರಿಗೆ ಇನ್ನೊಂದು ಪೆಟ್ಟು ನೆರೆಹೊರೆಯವರಿಂದ ಬಿತ್ತು. ‘ಹಿಬಾಕುಶಾ’ ಎನಿಸಿಕೊಂಡ ಇವರೊಡನೆ ಮದುವೆ ಸಂಬಂಧ ಬೆಳೆಸಲು, ಇವರಿಗೆ ಕೆಲಸ ಕೊಡಲು ಜನ ಹಿಂಜರಿದರು. ಆದರೆ ಬಾಂಬು ಬಿದ್ದ ಮೇಲೆ ಇವರಿಗೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದರೂ, ವಿಕಿರಣದಿಂದ ವಂಶಕ್ಕೆ ಇಳಿದ ರೋಗ ಹೆಚ್ಚಿದ್ದು ಕಂಡುಬಂದಿಲ್ಲ. ಇವರ ಸಂಘಟನೆಯಾದ ನಿಹೋನ್ ಹಿದಾನ್‌ಕ್ಯೋಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಕರ್ನಾಟಕದ ಕೈಗಾ ಅಣುಸ್ಥಾವರದಲ್ಲೂ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಷಿಯಂ ಬೆರೆತಿತ್ತು. ಕೆಲಸಗಾರರ ಮೂತ್ರ ಪರೀಕ್ಷೆಯಿಂದ ಅದು ತಿಳಿಯಿತು. ಕಣ್ಣಿಗೆ, ನಾಲಿಗೆಗೆ ಸಿಕ್ಕದಿದ್ದರೂ ಟ್ರಿಷಿಯಂ ಮೂತ್ರ, ಬೆವರಿನೊಡನೆ ದಿನಕಳೆದಂತೆ ದೇಹದಿಂದ ಹೊರಹೋಗುತ್ತದೆ. ಎಷ್ಟು ತಗಲಿತು, ಯಾವ ದಾರಿಯಿಂದ ತಗಲಿತು ಎಂಬುದರ ಮೇಲೆ ಅಪಾಯ ನಿಂತಿದೆ.

ಆಸ್ಪತ್ರೆಯಲ್ಲಿ ಯಂತ್ರದಿಂದ ಕೊಡುವ ವಿಕಿರಣವು ಗಂಟಿನ ಜೀವಕೋಶಗಳನ್ನು ಕೊಂದು ಅಲ್ಲಿಗೇ ಮುಗಿಯುತ್ತದೆ. ಬಿಸಿಲಲ್ಲಿ ಬಳಲಿ ಬಂದವನಿಂದ ಮನೆಯವರಿಗೆ ಬಿಸಿಲು ತಗಲೀತೆ? ವಿಕಿರಣದ ಔಷಧಿಯನ್ನು ನುಂಗಿಸಿದ್ದರೆ ಅಥವಾ ದೇಹದೊಳಗೆ ಇಟ್ಟಿದ್ದರೆ ಮಾತ್ರ ವೈದ್ಯರು ಹೇಳಿದಷ್ಟು ದಿನ ಅಂತರವಿರಲಿ. ಗರ್ಭಿಣಿಯರು ಎಕ್ಸ್‌ರೇಗೆ ಮುಂಚೆಯೇ ತಮ್ಮ ಸ್ಥಿತಿಯನ್ನು ತಿಳಿಸಬೇಕು.

ಪಂಕ್ತಿಭೇದವನ್ನು ಒಪ್ಪದ ನಾವು ರೋಗಿಯ ಎಡೆಯನ್ನು ಬೇರೆ ಇಡಬಾರದು. ನೆರೆಹೊರೆಯವರ ಮಾತಿಗೆ ಅಂಜಿ ಚಿಕಿತ್ಸೆಯನ್ನು ನಡುವೆ ಬಿಡುವಂತಾಗದಿರಲಿ. ಅವರ ಜೊತೆಯಲ್ಲೇ ಕುಳಿತು ಉಣ್ಣೋಣ.