ನೆಟ್ ಸತ್ತರೆ ಮೊದಲು ದೀಪ ಓದಿ

ಗುಡ್ಡದ ಮಗ್ಗುಲಿನ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಅಂಗಳದ ಮೂಲೆಗೆ ಬಂದರೆ ಪುಣ್ಯ. ಅಂಥಲ್ಲಿ ಡಾಕ್ಟರನ್ನು ಕರೆಯಲು, ಧಾರಣೆ ಕೇಳಲು, ಮಕ್ಕಳ ಪಾಠಕ್ಕೆ, ಎಲ್ಲದಕ್ಕೂ ಆಧಾರ ಮನೆಗೆ ಎಳೆದ ಕೇಬಲ್ ಒಂದೇ. ಹಿಂದೆ ಅದು ತಾಮ್ರದ ಜೋಡಿ ತಂತಿ. ಈಗ ಅನೇಕ ಕಡೆ ಗಾಜಿನ ಎಳೆ, ಅಂದರೆ ಫೈಬರ್.

ಮಳೆಗಾಲದಲ್ಲಿ ಅದು ಕೈಕೊಟ್ಟರೆ ನಾವು ಕೊಡುವ ದೂರು ಎರಡೇ ಶಬ್ದ: "ನೆಟ್ ಇಲ್ಲ." ಇದರಿಂದ ಲೈನ್‌ಮ್ಯಾನ್‌ಗೆ ಏನೂ ತಿಳಿಯುವುದಿಲ್ಲ. ಏಣಿ, ಜೋಡಿಸುವ ಯಂತ್ರ ಹೊತ್ತುಕೊಂಡು ಬಂದವರಿಗೆ ಕೆಟ್ಟ ಅಡಾಪ್ಟರ್ ಸಿಗುತ್ತದೆ. ಬರಿಗೈಯಲ್ಲಿ ಬಂದವರಿಗೆ ತುಂಡಾದ ಕೇಬಲ್ ಸಿಗುತ್ತದೆ. ಎರಡರಲ್ಲೂ ಅವರದ್ದೂ ನಮ್ಮದೂ ಒಂದು ದಿನ ಹಾಳು. ದೋಷ ಎಲ್ಲಿದೆ ಎಂದು ನಾವೇ ಅಂದಾಜು ಮಾಡಬಹುದು. ಅದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ, ಒಂದು ಕ್ರಮ ಗೊತ್ತಿದ್ದರೆ ಸಾಕು.

ಐಎಸ್‌ಡಿಎನ್ ಕಾಲದ ಮೂರು ಪ್ರಶ್ನೆ

ಈ ಕ್ರಮ ಹೊಸತೇನಲ್ಲ. 1990ರ ದಶಕದಲ್ಲಿ ಐಎಸ್‌ಡಿಎನ್ ಎಂಬ ಟೆಲಿಫೋನ್ ಲೈನ್ ಇತ್ತು. ಅದೇ ತಾಮ್ರದ ಜೋಡಿಯಲ್ಲಿ 64 ಕಿಲೋಬಿಟ್‌ನ ಎರಡು ದಾರಿ. ಒಂದರಲ್ಲಿ ಮಾತು, ಇನ್ನೊಂದರಲ್ಲಿ ಕಂಪ್ಯೂಟರಿನ ಮಾಹಿತಿ ಕಳಿಸಬಹುದಿತ್ತು. ಎಕ್ಸ್‌ಚೇಂಜಿನೊಡನೆ ಸಂಜ್ಞೆ ಮಾಡಲೆಂದೇ 16 ಕಿಲೋಬಿಟ್‌ನ ಬೇರೊಂದು ಸಣ್ಣ ದಾರಿ.

ಅದು ಕೆಟ್ಟಾಗ ತಂತ್ರಜ್ಞರು ಕೆಳಗಿನಿಂದ ಮೇಲಕ್ಕೆ ಮೂರು ಪ್ರಶ್ನೆ ಕೇಳುತ್ತಿದ್ದರು. ಒಂದು, ತಂತಿಯಲ್ಲಿ ಜೀವ ಉಂಟೇ? ಎರಡು, ನಮ್ಮ ಪೆಟ್ಟಿಗೆಯನ್ನು ಎಕ್ಸ್‌ಚೇಂಜ್ ಗುರುತಿಸಿದೆಯೇ? ಮೂರು, ಕರೆ ಹೋಗುತ್ತದೆಯೇ? ಮೊದಲನೆಯದಕ್ಕೇ 'ಇಲ್ಲ' ಎಂದು ಉತ್ತರ ಬಂದರೆ ಉಳಿದೆರಡನ್ನು ತಡಕಿ ಪ್ರಯೋಜನವಿಲ್ಲ. ಪಂಪ್ ನೀರೆತ್ತದಾಗ ಮೊದಲು ಕರೆಂಟ್, ಮತ್ತೆ ಫುಟ್‌ವಾಲ್ವ್, ಆಮೇಲೆ ಸ್ಪ್ರಿಂಕ್ಲರ್ ನೋಡ್ತೇವಲ್ಲ, ಹಾಗೆಯೇ ಇದೂ.

ಐಎಸ್‌ಡಿಎನ್ ಮನೆಗಳಿಂದ ಹೋಯಿತು. ಆ ಕ್ರಮ ಮಾತ್ರ ಫೈಬರಿಗೂ ಸರಿಹೊಂದುತ್ತದೆ. ಪೆಟ್ಟಿಗೆಯ ಮುಖದಲ್ಲಿರುವ ದೀಪಗಳೇ ಉತ್ತರ ಹೇಳುತ್ತವೆ. ಕಂಪೆನಿಯಿಂದ ಕಂಪೆನಿಗೆ ಹೆಸರು ಸ್ವಲ್ಪ ಬದಲಾದೀತು, ಅರ್ಥ ಹೆಚ್ಚುಕಮ್ಮಿ ಒಂದೇ.

ದೀಪ ಏನು ಹೇಳುತ್ತದೆ?

ಪವರ್: ಇದು ಉರಿಯದಿದ್ದರೆ ಲೈನಿನ ಮಾತೇ ಬೇಡ. ಪ್ಲಗ್, ಸ್ವಿಚ್, ಅಡಾಪ್ಟರ್ ನೋಡಿ. ಹೆಚ್ಚಿನ ಪೆಟ್ಟಿಗೆಗಳಿಗೆ 12 ವೋಲ್ಟ್ ಅಡಾಪ್ಟರ್ ಇರುತ್ತದೆ. ಬದಲಿಸುವುದಿದ್ದರೆ ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಹಳೆಯದರಷ್ಟು ಅಥವಾ ಹೆಚ್ಚಿರಲಿ, ಕಡಿಮೆ ಬೇಡ. ಪೆಟ್ಟಿಗೆ ಮತ್ತೆ ಮತ್ತೆ ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗ್ತಾ ಇದ್ದರೆ ಮೊದಲ ಸಂಶಯ ಅಡಾಪ್ಟರ್ ಮೇಲೆ.

ಎಲ್‌ಓಎಸ್: ಇದು ಕೆಂಪಾಗಿ ಉರಿದರೆ ಅಥವಾ ಮಿನುಗಿದರೆ ಬೆಳಕು ಮನೆಗೆ ತಲುಪುತ್ತಿಲ್ಲ ಎಂದರ್ಥ. ಇದು ಒಂದನೇ ಪ್ರಶ್ನೆಯ ಉತ್ತರ. ಪೆಟ್ಟಿಗೆಗೆ ಸಿಕ್ಕಿಸಿದ ಹಸಿರು ಪಿನ್ ಸಡಿಲಾಗಿದೆಯೇ ನೋಡಿ. ಮತ್ತೆ ಕೇಬಲಿನ ಜಾಡು ಹಿಡಿದು ಒಂದು ಸುತ್ತು ಹೋಗಿ. ಸೋಗೆ ಬಿದ್ದಿದೆಯೇ? ತೆಂಗಿನ ಮಡಲು ನೇತಾಡುತ್ತಿದೆಯೇ? ಅಳಿಲು ಕಡಿದಿದೆಯೇ? ಸಿಕ್ಕಿದ ಜಾಗಕ್ಕೊಂದು ಗುರುತು ಮಾಡಿ. ಕೇಬಲ್ ಕರೆಂಟಿನ ಕಂಬದಲ್ಲೇ ಬಂದಿದ್ದರೆ, ಬಿದ್ದ ಯಾವ ತಂತಿಯನ್ನೂ ಮುಟ್ಟಬೇಡಿ.

ಪಾನ್: ಇದು ಹಸಿರಾಗಿ ನಿಂತು ಉರಿಯಬೇಕು. ಎಲ್‌ಓಎಸ್ ಆರಿದ್ದು ಪಾನ್ ಮಾತ್ರ ಮಿನುಗುತ್ತಲೇ ಇದ್ದರೆ ಪೆಟ್ಟಿಗೆ ಆಚೆಕಡೆಯ ಯಂತ್ರಕ್ಕೆ ಪರಿಚಯ ಹೇಳಿಕೊಳ್ಳುತ್ತಾ ಇದೆ, ಒಪ್ಪಿಗೆ ಸಿಕ್ಕಿಲ್ಲ. ಬೆಳಕು ತೀರಾ ಮಂದವಾಗಿರಬಹುದು, ಅಥವಾ ಪೆಟ್ಟಿಗೆಯ ಕ್ರಮಸಂಖ್ಯೆ ಅಲ್ಲಿ ನೋಂದಣಿ ಆಗದೆ ಇರಬಹುದು. ಹೊಸ ಪೆಟ್ಟಿಗೆ ಹಾಕಿದ ದಿನ ಎರಡನೆಯದೇ ಕಾರಣ ಆಗಿರುವುದುಂಟು.

ಇಂಟರ್ನೆಟ್: ಪಾನ್ ಸರಿಯಿದ್ದು ಇದು ಕೆಂಪಿದ್ದರೆ ಅಥವಾ ಉರಿಯದಿದ್ದರೆ ಕೇಬಲಿನಲ್ಲಿ ದೋಷವಿಲ್ಲ. ಯೂಸರ್‌ನೇಮ್, ಪಾಸ್‌ವರ್ಡ್, ಇಲ್ಲವೇ ಬಿಲ್ ಬಾಕಿ. ಏಣಿ ಬೇಡ, ಫೋನಿನಲ್ಲೇ ಮುಗಿಯುವ ಕೆಲಸ.

ಎಲ್ಲಾ ದೀಪ ಸರಿ, ಆದರೂ ಮೊಬೈಲಿನಲ್ಲಿ ನೆಟ್ ಇಲ್ಲವೇ? ಪೆಟ್ಟಿಗೆಯ ಪಕ್ಕದಲ್ಲೇ ನಿಂತು ನೋಡಿ. ಅಲ್ಲಿ ಬಂದು ಕೊಟ್ಟಿಗೆ ಹತ್ತಿರ ಬಾರದಿದ್ದರೆ ಅದು ವೈಫೈ ದೂರದ ಸಮಸ್ಯೆ. ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆ ವೈಫೈಯನ್ನು ಕುಗ್ಗಿಸುತ್ತವೆ.

ಮಂದ ಬೆಳಕಿನ ಲೆಕ್ಕ

ನೆಟ್ ಬಂದು ಬಂದು ಹೋಗುತ್ತಿದ್ದರೆ ಲೈನ್‌ಮ್ಯಾನ್ ಬಂದಾಗ ಪವರ್ ಮೀಟರ್ ಹಿಡಿಯಲು ಹೇಳಿ. ಅದು ಡಿಬಿಎಂ ಲೆಕ್ಕದಲ್ಲಿ ಮೈನಸ್ ಅಂಕಿ ತೋರಿಸುತ್ತದೆ. ಮೈನಸ್ 20ರ ಆಸುಪಾಸು ಒಳ್ಳೆಯದು. ಮೈನಸ್ 27 ಅಂದರೆ ಅಂಚಿಗೆ ಬಂತು. 3 ಅಂಕಿ ಇಳಿದರೆ ಬೆಳಕು ಅರ್ಧ ಆಯಿತು ಎಂದು ತಿಳಿಯಿರಿ. ಲೈನ್ ಹೊಸತಿರುವಾಗಲೇ ಈ ಅಂಕಿ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಆಗ್ತದೆ.

ಮಂದವಾಗಲು ಸಾಮಾನ್ಯ ಕಾರಣ ಮೂರು: ಕೇಬಲ್ ಮಡಚಿದ್ದು, ಪಿನ್ನಿನ ತುದಿಯಲ್ಲಿ ಧೂಳು, ಸರಿಯಾಗದ ಜೋಡಣೆ. ಹೆಚ್ಚಾದ ಕೇಬಲನ್ನು ಬೈಹುಲ್ಲಿನ ಸೂಡಿಯಂತೆ ಬಿಗಿದು ಕಟ್ಟಬಾರದು. ಊಟದ ಬಟ್ಟಲಿನಷ್ಟು ಅಗಲದ ಸುರುಳಿ ಮಾಡಿ ಸಡಿಲವಾಗಿ ತೂಗುಹಾಕಿ.

ಕರೆಂಟ್ ಮತ್ತು ಸಿಡಿಲು

ತಾಮ್ರದ ಲೈನಿದ್ದಾಗ ಕರೆಂಟ್ ಹೋದರೂ ಸಾದಾ ಫೋನ್ ಸಾಯುತ್ತಿರಲಿಲ್ಲ. ಎಕ್ಸ್‌ಚೇಂಜೇ 48 ವೋಲ್ಟ್ ಕಳಿಸುತ್ತಿತ್ತು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಕರೆಂಟ್ ಹೋದ ಕ್ಷಣವೇ ಫೈಬರಿನ ಫೋನೂ ಹೋಯಿತು. ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಇದ್ದರೆ ಇದನ್ನು ಮರೆಯಬಾರದು. ಇನ್ವರ್ಟರಿಗೆ ಸೇರಿಸಿ, ಇಲ್ಲವೇ 12 ವೋಲ್ಟಿನ ಸಣ್ಣ ಯುಪಿಎಸ್ ಇಡಿ.

ಗಾಜಿನ ಎಳೆಯಲ್ಲಿ ಸಿಡಿಲು ಬಾರದು, ನಿಜ. ಆದರೆ ಕೇಬಲಿಗೆ ಆಧಾರವಾಗಿರುವ ಉಕ್ಕಿನ ತಂತಿಯಲ್ಲಿ, ಅಡಾಪ್ಟರಿನ ಮೂಲಕ ಕರೆಂಟ್ ಲೈನಿನಲ್ಲಿ ಬರಬಹುದು. ಆ ಉಕ್ಕಿನ ತಂತಿ ಮನೆಯ ಹೊರಗೇ ಕೊನೆಯಾಗಲಿ. ಗುಡುಗು ದೂರದಲ್ಲಿರುವಾಗಲೇ ಅಡಾಪ್ಟರ್ ಕಿತ್ತಿಡಿ.

ಇವನ್ನು ಮಾಡಬೇಡಿ

* ಹಿಂಬದಿಯ ಸಣ್ಣ ತೂತಿನಲ್ಲಿರುವ ರಿಸೆಟ್ ಒತ್ತಬೇಡಿ. ಒಳಗೆ ಬರೆದಿಟ್ಟ ಯೂಸರ್‌ನೇಮ್, ಜೋಡಣೆಯ ವಿವರ ಅಳಿಸಿಹೋಗುತ್ತದೆ. ಸಣ್ಣ ದೋಷದ ಮೇಲೆ ದೊಡ್ಡ ದೋಷ ಬಂದಂತೆ. ಸ್ವಿಚ್ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಹಾಕುವುದು ಬೇರೆ, ರಿಸೆಟ್ ಬೇರೆ.

* ಕಳಚಿದ ಫೈಬರಿನ ತುದಿಗೆ ಕಣ್ಣಿಡಬೇಡಿ. ಅದರ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಹಾನಿ ಮಾತ್ರ ಆದೀತು.

* ತುದಿಯನ್ನು ಬೈರಾಸಿನಲ್ಲಿ ಒರಸಬೇಡಿ. ಧೂಳಿನ ಒಂದು ಕಣ ಸಾಕು ಬೆಳಕು ತಡೆಯಲು.

* ಹಸಿರು ಪಿನ್ನನ್ನು ನೀಲಿ ಪಿನ್ನಿಗೆ ಜೋಡಿಸಬೇಡಿ. ಹಸಿರಿನ ತುದಿ ಓರೆ, ನೀಲಿಯದ್ದು ಓರೆಯಲ್ಲ.

ಗೋಡೆಗೊಂದು ಚೀಟಿ

ಪೆಟ್ಟಿಗೆಯ ಪಕ್ಕ ಒಂದು ಚೀಟಿ ಅಂಟಿಸಿ. ಅದರಲ್ಲಿ ದೂರಿನ ನಂಬರ್, ನಿಮ್ಮ ಲೈನ್ ನಂಬರ್, ಪೆಟ್ಟಿಗೆಯ ಕ್ರಮಸಂಖ್ಯೆ, ಸರಿಯಿದ್ದಾಗ ಯಾವ ಯಾವ ದೀಪ ಉರಿಯುತ್ತದೆ ಎಂಬುದು ಇರಲಿ. ಪಾಸ್‌ವರ್ಡ್ ಮಾತ್ರ ಬೇರೆ ಪುಸ್ತಕದಲ್ಲಿರಲಿ.

ಮುಂದಿನ ಸಲ ದೂರು ಹೀಗಿರಲಿ: "ಪವರ್ ಉಂಟು, ಎಲ್‌ಓಎಸ್ ಕೆಂಪು, ತೋಡಿನ ಬದಿ ಸೋಗೆ ಬಿದ್ದು ಕೇಬಲ್ ತುಂಡಾಗಿದೆ." ಇಷ್ಟು ಕೇಳಿದ ಲೈನ್‌ಮ್ಯಾನ್ ಬೇಕಾದ ಸಾಮಾನು ಹಿಡಿದುಕೊಂಡೇ ಹೊರಡುತ್ತಾರೆ.